ತುಕ್ಕು ಹಿಡಿಯದ ಗಿಡ

ನಮ್ಮ ಅಜ್ಜಯ್ಯನವರಿಗೆ ಒಂದು ವಿಚಿತ್ರವಾದ ಅಭ್ಯಾಸವಿತ್ತು. ತೋಟದಲ್ಲಿ ನಡೆಯುವಾಗ ಅವರು ಯಾವ ಕಾಫಿ ಗಿಡದ ಮುಂದೆ ನಿಂತರೂ ಮೊದಲು ಅದರ ಒಂದು ಎಲೆಯನ್ನು ಮಗುಚಿ ನೋಡುತ್ತಿದ್ದರು. ಹಣ್ಣನ್ನಾಗಲಿ ಹೂವನ್ನಾಗಲಿ ನೋಡುತ್ತಿದ್ದುದು ಆಮೇಲೆ. ನಾನು ಚಿಕ್ಕವನಾಗಿದ್ದಾಗ ಒಮ್ಮೆ ಇದೇಕೆ ಹೀಗೆ ಎಂದು ಕೇಳಿದೆ. ಅವರು, “ಮೇಲಿನಿಂದ ನೋಡಿದರೆ ಎಲ್ಲ ಎಲೆಯೂ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ, ಪುಟ್ಟ. ಗಿಡದ ಕಷ್ಟ ಅದರ ಬೆನ್ನಿಗೆ ಮಾತ್ರ ಗೊತ್ತು” ಎಂದರು. ಹಾಗೆಂದು ಒಂದು ಎಲೆಯನ್ನು ಕಿತ್ತು ನನ್ನ ಅಂಗೈಯ ಮೇಲೆ ಮಗುಚಿಟ್ಟರು. ಅದರ ಕೆಳಮೈಯಲ್ಲಿ ಕಿತ್ತಳೆ ಬಣ್ಣದ ನಾಲ್ಕಾರು ಮಚ್ಚೆಗಳಿದ್ದವು. ಬೆರಳಿನಿಂದ ಮುಟ್ಟಿದೆ. ಅರಿಸಿನ ಕುಂಕುಮಗಳನ್ನು ಬೆರಸಿದಂತಹ ನಯವಾದ ಧೂಳು ಬೆರಳಿಗೆ ಹತ್ತಿತು. ನೋಡುವುದಕ್ಕೆ ಬಹಳ ಚೆಲುವಾಗಿತ್ತು. ಅಜ್ಜಯ್ಯನವರು ಮಾತ್ರ ತಮ್ಮ ಪಂಚೆಯ ಅಂಚಿನಿಂದ ನನ್ನ ಬೆರಳನ್ನು ಒರೆಸಿ, ಆ ಎಲೆಯನ್ನು ಮಡಿಸಿ, ಮಣ್ಣಿನಲ್ಲಿ ಹೂತುಬಿಟ್ಟರು.

ಆ ಧೂಳಿನೊಡನೆ ಮುಂದೆ ನನ್ನ ಜೀವಮಾನವೆಲ್ಲ ಕಳೆಯಬೇಕಾದೀತೆಂದು ನನಗೆ ಆಗ ತಿಳಿದಿರಲಿಲ್ಲ.

ಕಾಫಿಯ ಎಲೆ ತುಕ್ಕು ರೋಗವು ಒಂದು ಬಗೆಯ ಶಿಲೀಂಧ್ರದಿಂದ ಬರುತ್ತದೆ. ಶಾಸ್ತ್ರಜ್ಞರು ಅದಕ್ಕೆ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂದು ಹೆಸರಿಟ್ಟಿದ್ದಾರೆ. ಅದರ ಬೀಜಕಣದ ಒಂದು ಪಕ್ಕ ನುಣುಪು, ಇನ್ನೊಂದು ಪಕ್ಕ ಮುಳ್ಳು ಮುಳ್ಳು. ಹೆಸರಿನ ಮೊದಲ ಪದಕ್ಕೆ ಅರ್ಧ ನುಣುಪಾದುದು ಎಂದು ಅರ್ಥ. ಎರಡನೆಯ ಪದಕ್ಕೆ ಹಾಳುಗೆಡಹುವುದು ಎಂದು ಅರ್ಥ. ಆ ಹೆಸರು ಅದಕ್ಕೆ ಸುಮ್ಮನೆ ಬಂದುದಲ್ಲ. 1869ರಲ್ಲಿ ಸಿಂಹಳದ್ವೀಪದ ತೋಟಗಳಲ್ಲಿ ಈ ರೋಗ ಕಾಣಿಸಿಕೊಂಡಿತು. ಆಗ ಸಿಂಹಳವು ಜಗತ್ತಿನ ದೊಡ್ಡ ಕಾಫಿ ನಾಡುಗಳಲ್ಲಿ ಒಂದಾಗಿತ್ತು. ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಅಲ್ಲಿಯ ಕಾಫಿ ಬಹುಮಟ್ಟಿಗೆ ಅಳಿದುಹೋಗಿ, ಆ ಬೆಟ್ಟಗಳ ಮೇಲೆಲ್ಲ ಚಹಾ ಬೆಳೆಯಿತು. ಇಂದು ಆ ದೇಶದ ಹೆಸರು ಹೇಳಿದರೆ ನಮಗೆ ಚಹಾ ನೆನಪಾಗುತ್ತದೆಯೇ ಹೊರತು ಕಾಫಿಯಲ್ಲ. ಒಂದು ಹಿಡಿ ಧೂಳು ಒಂದು ನಾಡಿನ ಬೆಳೆಯನ್ನೇ ಬದಲಿಸಿಬಿಟ್ಟಿತು.

ಈ ರೋಗದ ರೀತಿಯೇ ಮೋಸದ ರೀತಿ. ಅದು ಗಿಡವನ್ನು ಒಮ್ಮೆಗೇ ಕೊಲ್ಲುವುದಿಲ್ಲ. ಬೀಜಕಣವು ಗಾಳಿಯಲ್ಲಿಯೋ ಮಳೆಹನಿಯಲ್ಲಿಯೋ ಬಂದು ಎಲೆಯ ಕೆಳಮೈಯನ್ನು ಸೇರುತ್ತದೆ. ಅಲ್ಲಿ ತೇವವಿದ್ದರೆ ಮೊಳೆತು, ಎಲೆ ಉಸಿರಾಡುವ ಸಣ್ಣ ರಂಧ್ರಗಳ ಮೂಲಕವೇ ಒಳಹೊಕ್ಕು, ಮೂರು ನಾಲ್ಕು ವಾರಗಳ ಕಾಲ ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ. ಆಮೇಲೆ ಮಚ್ಚೆ ಕಾಣುತ್ತದೆ, ಧೂಳು ಹಾರುತ್ತದೆ, ಎಲೆ ಉದುರುತ್ತದೆ. ಮುಂಗಾರು ಮುಗಿದು ಬಿಸಿಲು ಕಾಣುವ ಹೊತ್ತಿಗೆ ಗಿಡ ಬರಿ ಕಡ್ಡಿಗಳ ಹೊರೆಯಾಗಿ ನಿಂತಿರುತ್ತದೆ. ಎಲೆಯಿಲ್ಲದ ರೆಕ್ಕೆಗಳು ಒಣಗುತ್ತವೆ, ಕಾಯಿ ಜೊಳ್ಳಾಗುತ್ತದೆ, ಮರುವರ್ಷ ಹೂ ಬಿಡುವುದಕ್ಕೆ ಗಿಡದಲ್ಲಿ ತ್ರಾಣವೇ ಇರುವುದಿಲ್ಲ. ಬೆಳೆಗಾರನಿಗೆ ಈ ವರ್ಷದ ನಷ್ಟ ಕಣ್ಣಿಗೆ ಕಾಣುತ್ತದೆ. ಮುಂದಿನ ವರ್ಷದ ನಷ್ಟ ಎದೆಗೆ ಕಾಣುತ್ತದೆ.

ನಮ್ಮದು ಮಲೆನಾಡಿನ ಮಗ್ಗುಲಲ್ಲಿದ್ದ ಮೂರು ಎಕರೆಯ ತೋಟ. ಬಾಬಾಬುಡನ್ ಅವರು ಅರಬ್ಬರ ನಾಡಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ನಾವೆಲ್ಲ ಕೇಳಿದ್ದೇವೆ. ಆ ಮೊದಲ ಕಾಲದಿಂದ ಬಂದ ಹಳೆಯ ತಳಿಗೆ ನಮ್ಮ ಕಡೆ ಚಿಕ್ಕು ಎಂಬ ಹೆಸರಿತ್ತು. ಕಾಂಡಕೊರಕ ಹುಳುವೂ ತುಕ್ಕು ರೋಗವೂ ಸೇರಿ ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹಾಳುಮಾಡಿದವು. ಆಮೇಲೆ ಕೂರ್ಗ್ ಎಂಬ ತಳಿ ಬಂತು, ಅದೂ ಸೋತಿತು. 1911ರಲ್ಲಿ ಮೈಸೂರು ಸೀಮೆಯ ದೊಡ್ಡೇನುಗುಡ್ಡ ಎಂಬ ತೋಟದಲ್ಲಿ ಕೆಂಟ್ ಎಂಬ ತೋಟಗಾರರು, ಸುತ್ತಲಿನ ಗಿಡಗಳೆಲ್ಲ ಎಲೆ ಉದುರಿಸಿ ನಿಂತಿರುವಾಗ ಹಸಿರಾಗಿಯೇ ಇದ್ದ ಒಂದು ಗಿಡವನ್ನು ಗುರುತಿಸಿದರು. ಅದರ ಸಂತತಿಗೆ ಕೆಂಟ್ಸ್ ಎಂದೇ ಹೆಸರಾಯಿತು. ನಮ್ಮ ಅಜ್ಜಯ್ಯನವರು ಹರೆಯದಲ್ಲಿ ಸಾಲ ಮಾಡಿ ತೋಟವನ್ನೆಲ್ಲ ಕೆಂಟ್ಸ್ ಗಿಡಗಳಿಂದ ತುಂಬಿಸಿದರಂತೆ. ಕೆಲವು ವರ್ಷ ಬೆಳೆ ಚೆನ್ನಾಗಿ ಬಂತಂತೆ. ಆಮೇಲೆ ಒಂದು ಮಳೆಗಾಲದ ಕೊನೆಯಲ್ಲಿ ಅವರು ಒಂದು ಎಲೆಯನ್ನು ಮಗುಚಿ ನೋಡಿದಾಗ ಅಲ್ಲಿ ಅದೇ ಕಿತ್ತಳೆ ಧೂಳು!

ಗಿಡ ಬದಲಾಗಿರಲಿಲ್ಲ, ರೋಗ ಬದಲಾಗಿತ್ತು. ಈ ಗುಟ್ಟನ್ನು ಕಂಡುಹಿಡಿದದ್ದು ನಮ್ಮ ಮಲೆನಾಡಿನಲ್ಲಿಯೇ ಎಂಬುದು ನೆನಪಿಡಬೇಕಾದ ಸಂಗತಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ, ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರವೊಂದು ನೆಲೆಯಾಯಿತು. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದನ್ನು ಮಲೆನಾಡಿಗೆ ಕಲಿಸಿದವರೂ ಅವರೇ. ಆ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಮೇನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ, ತುಕ್ಕು ರೋಗ ಒಂದೇ ಅಲ್ಲ, ಅದರಲ್ಲಿಯೂ ಬೇರೆ ಬೇರೆ ಪಂಗಡಗಳಿವೆ ಎಂದು ತೋರಿಸಿಕೊಟ್ಟರು. ಒಂದು ಪಂಗಡದ ಬೀಜಕಣ ಒಂದು ತಳಿಯ ಎಲೆಯನ್ನು ಹೊಕ್ಕಲಾರದು; ಇನ್ನೊಂದು ಪಂಗಡದ್ದು ಅದೇ ಎಲೆಯನ್ನು ತನ್ನ ಮನೆಯ ಹಾಗೆ ಹೊಕ್ಕುತ್ತದೆ. ಗಿಡ ಒಂದು ಬಾಗಿಲಿಗೆ ಬೀಗ ಹಾಕಿದರೆ, ರೋಗ ಆ ಬೀಗಕ್ಕೆ ಹೊಂದುವ ಕೀಲಿಕೈಯನ್ನು ಮಾಡಿಕೊಂಡು ಬರುತ್ತದೆ ಎಂದು ಹೇಳಬಹುದು.

ಹಾಗಾದರೆ ಎರಡು ಬೀಗಗಳಿರುವ ಗಿಡ ಬೇಕು. ಎಲೆಯೂ ಕಾಯಿಯೂ ದೊಡ್ಡದಾದ ಲೈಬೀರಿಕ ಎಂಬ ಬೇರೊಂದು ಜಾತಿಯ ಕಾಫಿ ಇದೆ. ಅದು ನಮ್ಮ ಅರೇಬಿಕದೊಡನೆ ತಾನಾಗಿಯೇ ಬೆರೆತು ಹುಟ್ಟಿದ ಗಿಡವೊಂದು ವಿಜ್ಞಾನಿಗಳಿಗೆ ದೊರಕಿತು. ಅದಕ್ಕೆ ಎಸ್. 26 ಎಂದು ಸಂಖ್ಯೆ ಕೊಟ್ಟರು. ಅದರ ಸಂತತಿಯಾದ ಎಸ್. 288 ರೋಗವನ್ನು ತಡೆಯಿತು, ಆದರೆ ಅದರ ಬೀಜದಲ್ಲಿ ಕುಂದುಗಳಿದ್ದವು. ಕೆಂಟ್ಸ್‌ನ ಬೀಜ ಚೆನ್ನು, ರೋಗಕ್ಕೆ ಮಾತ್ರ ಸೋತಿತ್ತು. ಇವೆರಡನ್ನೂ ಕೂಡಿಸಿ ಪಡೆದುದು ಎಸ್. 795. ಅದು 1940ರ ದಶಕದಲ್ಲಿ ಬೆಳೆಗಾರರ ಕೈ ಸೇರಿತು. ಭಾರತದ ಅರೇಬಿಕ ತೋಟಗಳಲ್ಲಿ ಇದರಷ್ಟು ವಿಸ್ತಾರವಾಗಿ ಹರಡಿದ ತಳಿ ಬೇರೊಂದಿಲ್ಲ. ಇಂಡೊನೇಷಿಯದಲ್ಲಿಯೂ ಅದನ್ನು ಬೆಳೆಯುತ್ತಾರೆ.

1956ರಲ್ಲಿ, ನನಗೆ ಹತ್ತು ವರ್ಷವಿದ್ದಾಗ, ಅಜ್ಜಯ್ಯನವರು ಆ ಬೀಜವನ್ನು ತಂದರು. ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಒಣಗಿಸಿದ ಬೀಜ. ಒಂದು ಬಟ್ಟೆಯ ಗಂಟು. ಮನೆಯ ಹಿಂದೆ ಮಡಿ ಮಾಡಿ ಒಂದೊಂದನ್ನೂ ಬೆನ್ನು ಮೇಲಾಗಿ ಊರಿದರು. ಸುಮಾರು ಒಂದೂವರೆ ತಿಂಗಳ ಮೇಲೆ ಬೀಜಗಳು ಬೆಂಕಿಕಡ್ಡಿಯಂತಹ ಕಾಂಡದ ತುದಿಯಲ್ಲಿ ತಮ್ಮ ಸಿಪ್ಪೆಯನ್ನೇ ಟೋಪಿಯ ಹಾಗೆ ಇಟ್ಟುಕೊಂಡು ಎದ್ದುನಿಂತವು. ಅಜ್ಜಯ್ಯನವರಿಗೆ ಆಗ ಎಪ್ಪತ್ತು ದಾಟಿತ್ತು. “ಇದರ ಫಸಲು ನೀವು ನೋಡುವುದು ಯಾವಾಗ?” ಎಂದು ಯಾರೋ ಹಾಸ್ಯ ಮಾಡಿದರು. ಅವರು ಉತ್ತರ ಹೇಳದೆ ನನ್ನ ಕಡೆ ಕೈ ತೋರಿಸಿದರು. ಆ ಗಿಡಗಳ ಮೂರು ಫಸಲುಗಳನ್ನು ಅವರು ನೋಡಿದರು. ನಾಲ್ಕನೆಯ ಫಸಲಿನ ಹಣದಲ್ಲಿ ನಾನು ಕಾಲೇಜಿಗೆ ಸೇರಿದೆ.

ಓದು ಮುಗಿಸಿದ ಮೇಲೆ ಮಲೆನಾಡಿನ ಒಂದು ಸಂಶೋಧನಾ ತೋಟದಲ್ಲಿ ನನಗೆ ಸಹಾಯಕನ ಕೆಲಸ ದೊರೆಯಿತು. ತಳಿ ಎಬ್ಬಿಸುವ ಕೆಲಸವೆಂದರೆ ಸೂಕ್ಷ್ಮದರ್ಶಕವೇ ಮೊದಲಾದ ಯಂತ್ರಗಳ ಕೆಲಸವೆಂದು ನಾನು ಭಾವಿಸಿದ್ದೆ. ಮೊದಲ ದಿನ ನನ್ನ ಕೈಗೆ ಕೊಟ್ಟದ್ದು ಒಂದು ಸಣ್ಣ ಕತ್ತರಿ, ಒಂದು ಕಟ್ಟು ಬೆಣ್ಣೆಕಾಗದದ ಚೀಲ, ಒಂದು ಪೆನ್ಸಿಲು.

ಮಾರ್ಚಿಯಲ್ಲೋ ಏಪ್ರಿಲಿನಲ್ಲೋ ಹೂಮಳೆ ಬಂದು ಹೋದ ಎಂಟು ಹತ್ತು ದಿನಗಳಿಗೆ ಕಾಫಿಯ ಹೂ ಅರಳುತ್ತದೆ. ಇಡೀ ತೋಟ ಒಂದೇ ಬೆಳಗ್ಗೆ ಬೆಳ್ಳಗಾಗುತ್ತದೆ. ಮಲ್ಲಿಗೆಯನ್ನು ನೆನಪಿಸುವ ಪರಿಮಳ ಕಣಿವೆಯನ್ನು ತುಂಬುತ್ತದೆ. ನೋಡುವವರಿಗೆ ಅದೊಂದು ಹಬ್ಬ. ನಮಗೆ ಮಾತ್ರ ಆ ಹಬ್ಬದ ಹಿಂದಿನ ದಿನವೇ ಕೆಲಸ. ಅರೇಬಿಕದ ಹೂ ಬಹುಮಟ್ಟಿಗೆ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಅದನ್ನು ತಪ್ಪಿಸಿ ಬೇರೊಂದು ಗಿಡದ ಪರಾಗವನ್ನು ಕೊಡಬೇಕಾದರೆ, ನಾಳೆ ಅರಳಲಿರುವ ಮೊಗ್ಗಿನ ದಳದ ಕೊಳವೆಯನ್ನು ಇಂದೇ ಬಿಡಿಸಬೇಕು. ಕೇಸರಗಳು ದಳಕ್ಕೇ ಅಂಟಿಕೊಂಡಿರುವುದರಿಂದ ದಳದೊಡನೆ ಅವೂ ಬರುತ್ತವೆ. ನಡುವಿನ ಕಡ್ಡಿಗೆ ಪೆಟ್ಟಾಗಬಾರದು. ಉಳಿದುದಕ್ಕೆ ಚೀಲ ಕಟ್ಟಿ, ಮರುದಿನ ಬೆಳಗ್ಗೆ ತಂದೆ ಗಿಡದ ಪರಾಗವನ್ನು ಸೋಕಿಸಿ, ಮತ್ತೆ ಚೀಲ ಕಟ್ಟಿ, ಚೀಟಿಯಲ್ಲಿ ತಾಯಿಯ ಸಂಖ್ಯೆ, ತಂದೆಯ ಸಂಖ್ಯೆ, ದಿನಾಂಕಗಳನ್ನು ಬರೆಯಬೇಕು. ಹೂವಿನ ಹಬ್ಬ ಎರಡು ಮೂರು ದಿನಗಳಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಆಗದಿದ್ದರೆ ಒಂದು ವರ್ಷ ಕಾಯಬೇಕು.

ಆಮೇಲಿನದೆಲ್ಲ ಕಾಯುವ ಕೆಲಸವೇ. ಹಣ್ಣಾಗುವುದಕ್ಕೆ ಎಂಟು ಒಂಬತ್ತು ತಿಂಗಳು. ಸಸಿ ಬೆಳೆದು ಮೊದಲ ಫಸಲು ಕೊಡುವುದಕ್ಕೆ ಮೂರು ನಾಲ್ಕು ವರ್ಷ. ಒಂದು ವರ್ಷ ಹೆಚ್ಚು ಒಂದು ವರ್ಷ ಕಡಿಮೆ ಬಿಡುವುದು ಕಾಫಿಯ ಸ್ವಭಾವವಾದುದರಿಂದ, ಗಿಡದ ಯೋಗ್ಯತೆ ತಿಳಿಯಲು ಇನ್ನೂ ಹಲವು ಫಸಲುಗಳನ್ನು ತೂಗಬೇಕು. ಆಮೇಲೆ ಅದರ ಮಕ್ಕಳು, ಮೊಮ್ಮಕ್ಕಳು. ಒಂದು ತಳಿ ಬೆಳೆಗಾರನ ಕೈ ಸೇರುವ ಹೊತ್ತಿಗೆ ಇಪ್ಪತ್ತು ವರ್ಷಗಳು ಕಳೆದಿರುತ್ತವೆ. ಮೊದಲ ಮೊಗ್ಗನ್ನು ಬಿಡಿಸಿದವನು ಅಷ್ಟರಲ್ಲಿ ಬೇರೆಡೆಗೆ ವರ್ಗವಾಗಿರಬಹುದು, ಇಲ್ಲವೆ ನಿವೃತ್ತನಾಗಿರಬಹುದು. ನೂರು ಸಸಿಗಳಲ್ಲಿ ತೊಂಬತ್ತಕ್ಕೂ ಹೆಚ್ಚನ್ನು ನಾವೇ ಕಿತ್ತು ಹಾಕುತ್ತಿದ್ದೆವು. ರೋಗ ನಿರೋಧಿಸಿದ ಗಿಡದಲ್ಲಿ ಕಾಯಿ ಕಡಿಮೆ. ಕಾಯಿ ತುಂಬಿದ ಗಿಡದಲ್ಲಿ ಜೊಳ್ಳು ಹೆಚ್ಚು. ಎರಡೂ ಸರಿಯಿದ್ದ ಗಿಡದ ಕಾಫಿಗೆ ರುಚಿಯಿಲ್ಲ. ಒಳ್ಳೆಯ ಗುಣಗಳೆಲ್ಲ ಒಂದೇ ಮನೆಗೆ ಬಂದು ಸೇರುವುದು ಎಷ್ಟು ಅಪರೂಪವೆಂಬುದನ್ನು ನಾನು ಅಲ್ಲಿ ಕಲಿತೆ.

ಮೂರನೆಯ ಸಾಲಿನ ಏಳನೆಯ ಗಿಡ ಅಂತಹ ಅಪರೂಪದ್ದಾಗಿತ್ತು. ಅದರ ತಾಯಿಯ ಮೊಗ್ಗನ್ನು ಬಿಡಿಸಿದವನು ನಾನೇ. ಆರು ವರ್ಷ ಅದರ ಪ್ರತಿಯೊಂದು ಎಲೆಯನ್ನೂ ಮಗುಚಿ ನೋಡಿದ್ದೆ. ಅಕ್ಕಪಕ್ಕದ ಗಿಡಗಳು ಬೋಳಾಗಿ ನಿಂತಾಗಲೂ ಅದು ಹಸಿರಾಗಿತ್ತು. ಕಾಯಿ ಗೊಂಚಲು ಗೊಂಚಲಾಗಿ ಹಿಡಿದಿತ್ತು. ರಜಾದಿನಗಳಲ್ಲಿಯೂ ಒಮ್ಮೆ ಹೋಗಿ ಅದನ್ನು ನೋಡಿ ಬರುತ್ತಿದ್ದೆ.

ಆ ವರ್ಷಗಳಲ್ಲಿ ನಮ್ಮ ದೊಡ್ಡಪ್ಪಯ್ಯನವರ ಸ್ಥಿತಿ ಚೆನ್ನಾಗಿರಲಿಲ್ಲ. ಅವರ ತೋಟದಲ್ಲಿ ಹಳೆಯ ಗಿಡಗಳೇ ಇದ್ದವು. ಎರಡು ವರ್ಷ ಸತತವಾಗಿ ತುಕ್ಕು ಬಿದ್ದು ಐದು ಎಕರೆಗೆ ಐದು ಮೂಟೆಯೂ ಬಂದಿರಲಿಲ್ಲ. ಒಂದು ಭಾನುವಾರ ಅವರು ನನ್ನ ಬಾಡಿಗೆ ಕೋಣೆಗೆ ಬಂದು ಬಹಳ ಹೊತ್ತು ಮಾತನಾಡದೆ ಕುಳಿತಿದ್ದು, ಕೊನೆಗೆ, “ಸಾಲ ತೆಗೆದು ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕಬೇಕೆಂದಿದ್ದೇನೆ. ನೀನು ಹೇಳುತ್ತಿದ್ದೆಯಲ್ಲ, ಆ ಗಿಡದ ಬೀಜ ಒಂದೆರಡು ಸೇರು ಸಿಕ್ಕಿದರೆ ಸಾಕು ಮಾರಾಯ. ನಿನ್ನ ಮಾತಿನ ಮೇಲೆ ಹಾಕುತ್ತೇನೆ” ಎಂದರು. ಪರೀಕ್ಷೆ ಮುಗಿಯದ ಗಿಡದ ಬೀಜವನ್ನು ಹೊರಗೆ ಕೊಡುವ ಹಾಗಿರಲಿಲ್ಲ. ನಾನು ಅದನ್ನು ಬಲ್ಲೆ. ಆದರೂ ಅವರ ಮುಖವನ್ನು ನೋಡಿ, “ಮುಂದಿನ ಹಣ್ಣಿಗೆ ನೋಡೋಣ, ದೊಡ್ಡಪ್ಪಯ್ಯ” ಎಂದುಬಿಟ್ಟೆ. ಕೊಡಬೇಕೆಂದೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದೆ.

ಆ ಸಲದ ಮಳೆಗಾಲ ಕಳೆದು ದೀಪಾವಳಿ ಸಮೀಪಿಸಿತ್ತು. ಒಂದು ಬೆಳಗ್ಗೆ ಎಂದಿನಂತೆ ಏಳನೆಯ ಗಿಡದ ಕೆಳರೆಕ್ಕೆಯ ಎಲೆಯನ್ನು ಮಗುಚಿದೆ. ಸಾಸಿವೆಯ ಕಾಳಿನಷ್ಟು ಅಗಲದ ಒಂದು ಮಚ್ಚೆ. ಕಿತ್ತಳೆ ಬಣ್ಣ.

ಆಗ ನಾನು ಮಾಡಿದುದನ್ನು ಇಂದಿಗೂ ಮರೆತಿಲ್ಲ. ಸುತ್ತಲೂ ಯಾರೂ ಇಲ್ಲವೆಂದು ನೋಡಿಕೊಂಡು, ಹೆಬ್ಬೆರಳಿನಿಂದ ಆ ಮಚ್ಚೆಯನ್ನು ಒರೆಸಿಬಿಟ್ಟೆ. ಎಲೆ ಚೊಕ್ಕಟವಾದಂತೆ ಕಂಡಿತು. ದಾಖಲೆಯ ಪುಸ್ತಕವನ್ನು ತೆರೆದು ಆ ಗಿಡದ ಎದುರಿಗೆ ರೋಗವಿಲ್ಲ ಎಂದು ಬರೆಯಲು ಪೆನ್ಸಿಲನ್ನು ತೆಗೆದೆ. ಪೆನ್ಸಿಲು ಹಿಡಿದ ಹೆಬ್ಬೆರಳಿನಲ್ಲಿ ಆ ಧೂಳು ಹಾಗೆಯೇ ಇತ್ತು. ಪುಟದ ಅಂಚಿಗೂ ಅದು ತಗಲಿತು. ನನ್ನ ಬೆರಳನ್ನು ಪಂಚೆಯ ಅಂಚಿನಿಂದ ಒರೆಸಿದ ಅಜ್ಜಯ್ಯನವರ ಕೈ ನೆನಪಾಯಿತು. ಕೆಂಟ್ಸ್ ಗಿಡಗಳ ನಡುವೆ ಒಂದು ಎಲೆಯನ್ನು ಹಿಡಿದು ಅವರು ನಿಂತಿದ್ದಿರಬಹುದಾದ ರೀತಿ ಕಣ್ಣಿಗೆ ಕಟ್ಟಿತು. ನಾನು ಒರೆಸಿದ್ದು ಮಚ್ಚೆಯನ್ನು ಮಾತ್ರ, ರೋಗವನ್ನಲ್ಲ. ಅದು ದೊಡ್ಡಪ್ಪಯ್ಯನವರ ಐದು ಎಕರೆಯಲ್ಲಿ, ಸಾಲದ ಹಣದಲ್ಲಿ ನೆಟ್ಟ ಗಿಡಗಳಲ್ಲಿ, ನಾಲ್ಕು ವರ್ಷದ ಮೇಲೆ ಎದ್ದು ಬರುತ್ತಿತ್ತು.

ಮೇಲಧಿಕಾರಿಗಳ ಬಳಿಗೆ ಹೋಗಿ, “ಏಳನೆಯ ಗಿಡಕ್ಕೆ ತುಕ್ಕು ಬಂದಿದೆ, ಸಾರ್. ಒಂದು ಮಚ್ಚೆ” ಎಂದೆ. ಮಚ್ಚೆಯನ್ನು ಒರೆಸಿದುದನ್ನೂ ಹೇಳಿದೆ. ಅವರು ಗದರಿಸಲಿಲ್ಲ. “ಒಂದೇ ಎಂದು ಎಣಿಸಿ ಹೇಳುತ್ತಿದ್ದೀರೋ, ಒಂದೇ ಇರಲಿ ಎಂದು ಹೇಳುತ್ತಿದ್ದೀರೋ?” ಎಂದು ಕೇಳಿ, ನನ್ನ ಜೊತೆ ತೋಟಕ್ಕೆ ನಡೆದರು. ಇಬ್ಬರೂ ನೆಲದ ಮೇಲೆ ಕುಳಿತು ಎಲೆ ಎಲೆಯನ್ನೂ ಮಗುಚಿದೆವು. ಹನ್ನೊಂದು ಎಲೆಗಳಲ್ಲಿ ಮಚ್ಚೆಗಳಿದ್ದವು. ಅವರು ತಾವೇ ಪುಸ್ತಕವನ್ನು ತೆಗೆದುಕೊಂಡು ಹನ್ನೊಂದು ಎಂದು ಬರೆದರು. “ಗಿಡವನ್ನು ಕೀಳಿಸಲೇ?” ಎಂದು ಕೇಳಿದೆ. “ಬೇಡ. ಇದು ಹೊಸ ಪಂಗಡವಿರಬಹುದು. ಇದು ಬಂದಿದೆಯೆಂದು ನಮಗೆ ತಿಳಿಸಿದ್ದು ಈ ಗಿಡವೇ ತಾನೆ? ಇರಲಿ” ಎಂದರು.

ಆ ಶನಿವಾರ ದೊಡ್ಡಪ್ಪಯ್ಯನವರ ಮನೆಗೆ ಹೋದೆ. ಕಣದಲ್ಲಿ ಹರಡಿದ್ದ ಅಷ್ಟಿಷ್ಟು ಕಾಫಿಯ ಪಕ್ಕದಲ್ಲಿ ನಿಂತು ಇದ್ದುದನ್ನು ಇದ್ದಂತೆ ಹೇಳಿದೆ. ಬೀಜ ಕೊಡುತ್ತೇನೆಂದದ್ದೇ ತಪ್ಪೆಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಹಣ್ಣನ್ನು ಕಾಲಿನಿಂದ ಎಳೆದಾಡುತ್ತಿದ್ದು, “ನೀನು ಸುಮ್ಮನಿದ್ದಿದ್ದರೆ ನನಗೇನು ಗೊತ್ತಾಗುತ್ತಿತ್ತು!” ಎಂದರು. ಆ ಮಾತಿನಲ್ಲಿ ಮೆಚ್ಚಿಕೆಯಿತ್ತೋ ಬೇಸರವಿತ್ತೋ ನನಗೆ ಇಂದಿಗೂ ತಿಳಿಯದು. ಅವರು ಎಲ್ಲವನ್ನೂ ಒಮ್ಮೆಗೆ ಕೀಳಲಿಲ್ಲ. ಒಂದೊಂದು ಎಕರೆಯಾಗಿ ಎಸ್. 795 ಹಾಕಿದರು. ಮಳೆಗೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ, ಎಲೆಗಳ ಬೆನ್ನಿಗೆ ತಾಗುವಂತೆ ಬೋರ್ಡೋ ದ್ರಾವಣ ಹೊಡೆಸಿದರು. ತೋಟ ಮೇಲೇಳುವುದಕ್ಕೆ ಏಳೆಂಟು ವರ್ಷ ಹಿಡಿಯಿತು. ಒಂದು ಎಕರೆಯನ್ನು ಮಾರಬೇಕಾಯಿತು. ನಾಲ್ಕು ಉಳಿಯಿತು.

ಈ ಕೆಲಸ ಎಂದಾದರೂ ಮುಗಿಯುತ್ತದೆಯೇ ಎಂದು ನೀವು ಕೇಳಬಹುದು. 1920ರ ದಶಕದಲ್ಲಿ ತಿಮೋರ್ ದ್ವೀಪದ ಒಂದು ತೋಟದಲ್ಲಿ ಅರೇಬಿಕವೂ ರೊಬಸ್ಟವೂ ತಾವಾಗಿಯೇ ಕೂಡಿ ಹುಟ್ಟಿದ ಗಿಡವೊಂದು ಕಂಡುಬಂತು. ಅದರಲ್ಲಿ ಹಲವು ಬೀಗಗಳು ಒಟ್ಟಿಗಿದ್ದವು. ತುಕ್ಕು ರೋಗವನ್ನು ಅಭ್ಯಸಿಸುವುದಕ್ಕೆಂದೇ ಪೋರ್ಚುಗಲ್ ದೇಶದಲ್ಲಿ 1955ರಲ್ಲಿ ಆರಂಭವಾದ ಕೇಂದ್ರದಲ್ಲಿ ಅದನ್ನು ಗಿಡ್ಡ ತಳಿಯೊಂದರೊಡನೆ ಬೆರಸಿದರು. 1970ರಲ್ಲಿ ತುಕ್ಕು ರೋಗ ಬ್ರೆಜಿಲ್ ದೇಶದಲ್ಲಿ ಕಾಣಿಸಿಕೊಂಡಾಗ ಜಗತ್ತಿಗೆಲ್ಲ ಇಂತಹ ಗಿಡಗಳು ಬೇಕಾದವು. ನಮ್ಮಲ್ಲಿ ಆ ವಂಶದಿಂದ ಕಾವೇರಿ ಎಂಬ ತಳಿ 1985ರಲ್ಲಿ ಬಂತು. ಬೆಳೆಗಾರರು ಅದನ್ನು ಹಿಗ್ಗಿನಿಂದ ಬರಮಾಡಿಕೊಂಡರು. ಕೆಲವು ವರ್ಷಗಳಲ್ಲಿ ರೋಗ ಅದಕ್ಕೂ ಕೀಲಿಕೈ ಹುಡುಕಿತು. ಎಸ್. 795ರ ಶಕ್ತಿಯೂ ಕಾಲಕ್ರಮದಲ್ಲಿ ಕುಂದಿತು. 2007ರಲ್ಲಿ ಚಂದ್ರಗಿರಿ ಎಂಬ ತಳಿ ಬೆಳೆಗಾರರ ಕೈ ಸೇರಿತು. ಅದರ ಮುಂದಿನದಕ್ಕಾಗಿ ಈಗ ಎಲ್ಲಿಯೋ ಯಾರೋ ಮೊಗ್ಗು ಬಿಡಿಸುತ್ತಿದ್ದಾರೆ.

ಹಾಗಾದರೆ ಇದೆಲ್ಲ ವ್ಯರ್ಥವೆಂದು ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಕೆಂಟ್ಸ್ ಸೋತ ಗಿಡವೇ ಹೌದು, ಆದರೆ ಎಸ್. 795ರ ತಂದೆ ಅದೇ. ಬೀಜದಲ್ಲಿ ಕುಂದಿದ್ದ ಗಿಡವೇ ಅದರ ತಾಯಿ. ಎರಡು ಅರೆಕೊರೆಗಳು ಕೂಡಿ ಮೂರು ತಲೆಮಾರಿನ ಮನೆಗಳಿಗೆ ಅನ್ನ ಕೊಟ್ಟವು. ನನಗೆ ಓದು ಕೊಟ್ಟವು. ಶಾಶ್ವತವಾದ ಗಿಡವನ್ನು ಯಾರೂ ಕೊಡಲಾರರು. ಒಂದು ತಲೆಮಾರು ನೆಮ್ಮದಿಯಿಂದಿರುವಷ್ಟು ಕಾಲವನ್ನು ಕೊಡಬಹುದು; ಜೊತೆಗೆ ಏನು ಸೋತಿತು, ಎಂದು ಸೋತಿತು ಎಂಬ ಸುಳ್ಳಿಲ್ಲದ ಲೆಕ್ಕವನ್ನು ಮುಂದಿನವರಿಗೆ ಬಿಟ್ಟುಹೋಗಬಹುದು. ಆ ಲೆಕ್ಕವಿಲ್ಲದಿದ್ದರೆ ಮುಂದಿನ ಮೊಗ್ಗನ್ನು ಬಿಡಿಸುವವರು ಕತ್ತಲೆಯಲ್ಲಿ ಬಿಡಿಸಬೇಕಾಗುತ್ತದೆ.

ನನಗೆ ಈಗ ಎಂಬತ್ತು ಸಮೀಪಿಸುತ್ತಿದೆ. ಅಜ್ಜಯ್ಯನವರ ಮೂರು ಎಕರೆಯಲ್ಲಿಯೇ ಇದ್ದೇನೆ. ಅವರು ನೆಟ್ಟ ಗಿಡಗಳಲ್ಲಿ ಹತ್ತು ಹನ್ನೆರಡು ಬಾವಿಯ ಬಳಿ ಇನ್ನೂ ಉಳಿದಿವೆ. ಮೊನ್ನೆ ಮಳೆ ಬಿಟ್ಟ ಮೇಲೆ ಮೊಮ್ಮಗಳೊಡನೆ ಅತ್ತ ಹೋಗಿದ್ದೆ. ನಾನು ನಿಲ್ಲುವ ಮೊದಲೇ ಅವಳು ಒಂದು ಕೊಂಬೆಯನ್ನು ಬಗ್ಗಿಸಿ, ಎಲೆಯನ್ನು ಮಗುಚಿ, ಬೆರಳಾಡಿಸಿ, “ಏನೂ ಇಲ್ಲ ಅಜ್ಜ” ಎಂದು ತನ್ನ ಬೆರಳನ್ನು ತೋರಿಸಿದಳು. ಬೆರಳು ಚೊಕ್ಕಟವಾಗಿತ್ತು.

“ಒಂದೇ ಎಲೆ ನೋಡಿದರೆ ಆಗುವುದಿಲ್ಲ” ಎಂದೆ. ಅವಳು ಇನ್ನೊಂದು ಎಲೆಯನ್ನು ಮಗುಚಿದಳು.